'ನೀವು' ಅಂದ ದಿನ

"ಇವತ್ತಿಂದ ನೀವು ಕೂಡ್ರಿ ಅಣ್ಣಾರ, ನಾವು ಆಡ್ತೇವಿ," ಎಂದು ತಂಡದ ಕ್ಯಾಪ್ಟನ್ ಹುಡುಗ ಬಸವರಾಜರಿಗೆ ಹೇಳಿದ್ದು ನನಗೂ ಕೇಳಿಸಿತು. ಉದಗೀರದ ಬಾಸ್ಕೆಟ್‌ಬಾಲ್ ಮೈದಾನದ ಸುತ್ತ ನಾನು ದಿನಾ ಬೆಳಿಗ್ಗೆ ಆರಕ್ಕೆ ಸರಿಯಾಗಿ ಹತ್ತು ಸುತ್ತು ನಡೆಯುತ್ತೇನೆ. ಇಪ್ಪತ್ತು ವರ್ಷ ಊರ ತಂಡವನ್ನು ಗೆಲ್ಲಿಸಿದ, ನಲವತ್ತು ದಾಟಿದ ಬಸವರಾಜ ಬೆಂಚಿನ ಮೇಲೆ ಕುಳಿತು ಬೂಟಿನ ಲೇಸು ಬಿಚ್ಚುತ್ತಿದ್ದರು.

"ಯಾಕ್ರೀ ಬಸವರಾಜ, ಮನಸ್ಸಿಗೆ ಹಚ್ಕೊಂಡ್ರೇನು?" ಎಂದೆ.

"ಕೂಡ್ಸಿದ್ದಕ್ಕಲ್ರೀ ಸರ್. ನಿನ್ನಿತನಕಾ 'ಏ ಬಸ್ಯಾ, ಬಾಲ್ ಕೊಡೋ' ಅಂತಿದ್ರು. ಇವತ್ತ 'ನೀವು' ಅಂದ್ರು. ನೀವರ ಒಮ್ಮೆ ಬಸ್ಯಾ ಅನ್ರಿ."

ಯಾರನ್ನೂ ಏಕವಚನದಲ್ಲಿ ಕರೆದು ನನಗೆ ರೂಢಿಯಿಲ್ಲ. ನಕ್ಕು ಮುಂದೆ ನಡೆದುಬಿಟ್ಟೆ. ಅಂದಿನಿಂದ ಅವರು ಮೈದಾನಕ್ಕೆ ಬಂದಿಲ್ಲ. ಹತ್ತು ಸುತ್ತು ಮುಗಿದ ಮೇಲೆ ಈಗ ಆ ಖಾಲಿ ಬೆಂಚಿನ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. 'ಏ ಬಸ್ಯಾ' ಎಂಬುದು ಬಾಯಲ್ಲೇ ಉಳಿದಿದೆ.