ಗೇರುರಸಕ್ಕೆ ಬಿದ್ದ ಕಳ್ಳು

ತಂಗಿ ಒಪ್ಪಿಸಿ ಹೋದ ಬಾಟಲಿಯನ್ನು ನಾನು ನೋಡಿಕೊಳ್ಳಲಿಲ್ಲ. ಅದನ್ನು ಅವಳಿಗೆ ಹೇಳಲೂ ಇಲ್ಲ.

ನಮ್ಮದು ಕಡಬದ ಹತ್ತಿರ, ಮನೆಮಾತು ಮಲಯಾಳ. ಅವಳಿಗೆ ನಾನು ಚೇಚಿ, ಅಂದರೆ ಅಕ್ಕ; ನನಗೆ ಅವಳು ಮೋಳೆ, ಮಗಳ ಹಾಗೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅವಳು ಓದಿ ಪುತ್ತೂರಿನ ಸಣ್ಣ ಲ್ಯಾಬೊಂದರಲ್ಲಿ, ರಸವನ್ನು ಹುದುಗಿಸುವ ಯೀಸ್ಟ್ ಬೆಳೆಸುವ ಕೆಲಸಕ್ಕೆ ಸೇರಿದಳು. ಗೇರುಹಣ್ಣಿನ ರಸದ ಒಗರಿಗೆ ಸಾಮಾನ್ಯ ಯೀಸ್ಟ್ ಸೋಲುತ್ತದೆ. ರಸದಿಂದ ಸ್ಪಿರಿಟ್ ತೆಗೆಯುವ ಕಾರ್ಖಾನೆಗೆ ಸೋಲದ ಯೀಸ್ಟ್ ಬೇಕಿತ್ತು. ಒಂದು ಬಾಟಲಿಯಲ್ಲಿ ಬದುಕಿ ಉಳಿದದ್ದನ್ನು ಅವಳು ಇನ್ನಷ್ಟು ಒಗರಿನ ರಸಕ್ಕೆ ಹಾಕುತ್ತಿದ್ದಳು, ಅಲ್ಲಿ ಉಳಿದದ್ದನ್ನು ಮತ್ತೊಂದಕ್ಕೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಗಟ್ಟಿಯಾಗುತ್ತದಂತೆ.

ಒಂದು ಸಲ ಲ್ಯಾಬಿನಲ್ಲಿ ಕರೆಂಟ್ ಕೈಕೊಟ್ಟದ್ದಕ್ಕೆ ಬಾಟಲಿಯನ್ನು ಮನೆಗೆ ತಂದಳು. ಅಷ್ಟರಲ್ಲಿ ಡೆಂಗ್ಯೂ ಹಿಡಿದು ಆಸ್ಪತ್ರೆ ಸೇರಬೇಕಾಯಿತು.

"ಚೇಚಿ, ದಿನಾ ಬೆಳಿಗ್ಗೆ ಒಂದು ಚಮಚ ತೆಗೆದು ಹೊಸ ರಸಕ್ಕೆ ಹಾಕು. ಇವು ನಿನ್ನ ಹಾಗೆಯೇ, ಹೊತ್ತಿಗೆ ಚಾ ಸಿಗದಿದ್ರೆ ಏಳುದಿಲ್ಲ."

"ಹೋಗು ಮಾರಾಯ್ತಿ, ದನ ಸಾಕಿದವಳಿಗೆ ಇದೆಂತ ದೊಡ್ಡದು," ಅಂದೆ.

ಸ್ವಲ್ಪ ದಿನ ಮಾಡಿದೆ. ಆಮೇಲೆ ನೆಂಟರು ಬಂದ ಗಡಿಬಿಡಿಯಲ್ಲಿ ಮರೆತೇಬಿಟ್ಟೆ. ನೆನಪಾಗಿ ನೋಡಿದರೆ ನೊರೆಯೇ ಇಲ್ಲ. ಹೊಸ ರಸ ಹಾಕಿದರೂ ಏಳಲಿಲ್ಲ. ಅಪ್ಪಂ ಹಿಟ್ಟು ಉಬ್ಬದಿದ್ದರೆ ನಾವು ಸ್ವಲ್ಪ ಕಳ್ಳು ಬೆರೆಸುವುದುಂಟು. ಇದಕ್ಕೂ ಬೆರೆಸಿದೆ. ಸಂಜೆಗೆ ನೊರೆ ಬಂತು. ಬದುಕಿಸಿದೆ ಎಂದೇ ನಂಬಿದೆ.

ಗುಣವಾಗಿ ಬಂದವಳು ಬಾಟಲಿ ನೋಡಿ ನನ್ನ ಬೆನ್ನು ತಟ್ಟಿದಳು. ತಿಂಗಳುಗಟ್ಟಲೆ ಅದನ್ನೇ ಬೆಳೆಸಿದಳು. ಕೊನೆಗೆ ಕಾರ್ಖಾನೆಯ ಟ್ಯಾಂಕಿಗೆ ಹಾಕಿದಾಗ ರಸ ಹುದುಗುವುದು ಅರ್ಧಕ್ಕೇ ನಿಂತು, ರಸವೆಲ್ಲ ಹಾಳಾಯಿತು. ಪರೀಕ್ಷಿಸಿದರೆ ಅದು ಅವಳು ಬೆಳೆಸಿದ ಯೀಸ್ಟೇ ಅಲ್ಲ, ಕಳ್ಳಿನಲ್ಲಿರುವ ಜಾತಿ.

"ಎಲ್ಲೋ ನನ್ನ ಕೈಯಿಂದಲೇ ಸೇರಿದೆ ಚೇಚಿ," ಎಂದು ಅತ್ತಳು.

ಕಳ್ಳಿಗೆ ಅದರದ್ದೇ ಯೀಸ್ಟ್ ಉಂಟೆಂದು ನನಗೆ ಗೊತ್ತಾದದ್ದೇ ಆಗ. ಎದ್ದು ಹೋಗಿ ಅವಳಿಗೆ ಅನ್ನ ಬಡಿಸಿದೆ.

ಅವಳು ಕೆಲಸ ಬಿಟ್ಟಳು. ಈಗ ಉಪ್ಪಿನಂಗಡಿಯ ಬಟ್ಟೆಯಂಗಡಿಯಲ್ಲಿ ನಿಲ್ಲುತ್ತಾಳೆ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಲೂ ನನ್ನನ್ನೇ ಕರೆಯುತ್ತಾಳೆ. ಪ್ರತಿ ಸಲ ಹೇಳಬೇಕೆನಿಸುತ್ತಿತ್ತು. ಪ್ರತಿ ಸಲವೂ ಹೆದರಿದೆ.

ಮೊನ್ನೆ ಮಂಗಳೂರಿನ ಲ್ಯಾಬೊಂದರಿಂದ ಅವಳಿಗೆ ಕೆಲಸಕ್ಕೆ ಕರೆ ಬಂತು. ಬರುವುದಿಲ್ಲ ಅಂದಳಂತೆ.

"ಯಾಕೆ?"

"ಇನ್ನೊಬ್ಬರದ್ದೂ ಹಾಳು ಮಾಡುದು ಯಾಕೆ? ನನ್ನ ಕೈ ಶುದ್ಧ ಇಲ್ಲ."

ಒಲೆಯ ಮುಂದಿನಿಂದ ಎದ್ದು ಅವಳ ಹತ್ತಿರ ಕೂತೆ.

"ನಿನ್ನ ಕೈಯಿಂದ ಅಲ್ಲ ಮೋಳೆ. ನೀನು ಆಸ್ಪತ್ರೆಯಲ್ಲಿದ್ದಾಗ ನಾನು ಮರೆತೆ, ಅದು ಸತ್ತುಹೋಯ್ತು. ಕಳ್ಳು ಹಾಕಿದ್ದು ನಾನು. ನೀನು ಅಳುವಾಗಲೂ ಸುಮ್ಮನಿದ್ದೆ. ತಪ್ಪಾಯ್ತು, ನನ್ನನ್ನು ಕ್ಷಮಿಸು."