ಉಚ್ಚೆಂಗೆಪ್ಪ ಫಟಫಟಿ ನಿಲ್ಲಿಸಿದ್ದು

ಕಾಲುವೆಗೆ ನೀರು ಹರಿಯಲು ಶುರುವಾದ ಮೇಲೆ ನಮ್ಮ ಕಡೆಯ ಚಳಿಗಾಲದ ಬೆಳಗುಗಳಿಗೆ ಒಂದು ಮಂಪರು ಬಂತು ನೋಡಿ. ಭತ್ತದ ಗದ್ದೆಗಳಿಂದ ಬಿಳಿ ಮಂಜು ಏಳುತ್ತಿತ್ತು. ಬಂಡೆಗಲ್ಲಿನ ಗುಡ್ಡಗಳು ಬುಡ ಕಳೆದುಕೊಂಡು ಅದರ ಮೇಲೆ ತೇಲುತ್ತಿದ್ದವು. ಅಂಥ ಬೆಳಗಿನೊಳಗೆ ಬುಕ್ಕಸಾಗರದಿಂದ ಕಂಪ್ಲಿಯ ಮಿಲ್ಲಿಗೆ ಭತ್ತದ ಗಾಡಿ ಹೊಡೆಯುತ್ತಲೇ ಅರ್ಧ ಆಯುಷ್ಯ ಕಳೆದವನು ಉಚ್ಚೆಂಗೆಪ್ಪ. ಆಳು ಗಿಡ್ಡ. ಎಷ್ಟು ಗಿಡ್ಡ ಅಂದರೆ, ಎತ್ತುಗಳ ಹಿಂದೆ ಕೂತು ಬಂದರೆ ಎದುರಿನವರಿಗೆ ಗಾಡಿಯೊಂದೇ ತನ್ನಷ್ಟಕ್ಕೆ ತಾನು ಬರುತ್ತಿದೆ ಅನ್ನಿಸಬೇಕು.

"ಗಾಡಿ ಬಂತು, ಉಚ್ಚೆಂಗ ಎಲ್ಲ್ಯದಾನಲೇ?" ಎಂದು ಮಿಲ್ಲಿನ ಹಮಾಲರು ಕೇಳುತ್ತಿದ್ದರು.

"ಚೀಲದಾಗ ನೋಡ್ರಿ," ಎಂದು ಅವನೇ ಕೂಗುತ್ತಿದ್ದ.

ಅವನಿಗೆ ದಾರಿ ಅಂದರೆ ಜೀವ. ಮನೆಯೊಳಗೆ ಕೂತರೆ ಮೈಗೆ ಇರುವೆ ಹತ್ತಿದ ಹಾಗೆ ಒದ್ದಾಡುತ್ತಿದ್ದ. ಗಾಡಿಗೂ ನೊಗಕ್ಕೂ ನಡುವಿನ ಮೂಕಿಮರದ ಮೇಲೆ ಒರಗಿ ಕೂತುಬಿಟ್ಟರೆ ಮಾತ್ರ ಅವನ ಮುಖ ತಿಳಿಯಾಗುತ್ತಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಹಸಿರು, ನಡುವೆ ಕಾಲುವೆ ಏರಿಯ ಕೆಂಪು ದಾರಿ. ಎತ್ತುಗಳು ತನ್ನ ಕನಸಿನೊಳಗೆ ನಡೆಯುತ್ತಿವೆಯೋ, ತಾನೇ ಎತ್ತುಗಳ ಕನಸಿನೊಳಗೆ ಇದ್ದೇನೆಯೋ ಎಂದು ಅವನಿಗೇ ತಿಳಿಯುತ್ತಿರಲಿಲ್ಲವಂತೆ.

ಎಪ್ಪತ್ತರ ದಶಕ ಅರ್ಧ ಕಳೆಯುವಷ್ಟರಲ್ಲಿ ಭತ್ತ ಹೊರುವುದಕ್ಕೆ ಟ್ರ್ಯಾಕ್ಟರು ಬಂದವು. ಉಚ್ಚೆಂಗೆಪ್ಪನ ಗಾಡಿ ಬೇವಿನ ಮರದ ಕೆಳಗೆ ನಿಂತಿತು, ಅದರಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು. ಮಿಲ್ಲಿನ ಸಾವ್ಕಾರ ತೋಟಪ್ಪ ಒಳ್ಳೆಯವನೇ. ಮಿಲ್ಲಿನೊಳಗೆ ಜರಡಿ ಹಿಡಿಯುವ ಕೆಲಸ ಇದೆ, ಬಾ ಎಂದ. ಉಚ್ಚೆಂಗೆಪ್ಪ ಒಳಗೆ ಇಣುಕಿ ನೋಡಿದ. ತೌಡಿನ ಧೂಳು, ನಾಲ್ಕು ಗೋಡೆ, ದಿನವಿಡೀ ಒಂದೇ ಸದ್ದು. ಹೊಸ್ತಿಲಿಂದಲೇ ತಿರುಗಿ ಅಂಗಳಕ್ಕೆ ಬಂದ.

ಅದೇ ಅಂಗಳದಲ್ಲಿ ಸಾವ್ಕಾರನ ಫಟಫಟಿ, ಬುಲೆಟ್ಟು, ನಿಂತಿತ್ತು. ಜಾರಿ ಬಿದ್ದು ಮೊಣಕಾಲು ಕೆಡಿಸಿಕೊಂಡಿದ್ದ ತೋಟಪ್ಪನಿಗೆ ಅದರ ಕಿಕ್ ಹೊಡೆಯಲು ಆಗುತ್ತಿರಲಿಲ್ಲ. ಊರೂರು ಸುತ್ತಿ ಬೆಳೆ ನೋಡಿ ಬರಲು ಓಡಿಸುವವನೊಬ್ಬ ಬೇಕಾಗಿತ್ತು.

"ಸಾವ್ಕಾರ್ರ, ಇದನ್ನ ನಾ ಓಡಸ್ತೀನ್ರಿ."

ತೋಟಪ್ಪ ಒಮ್ಮೆ ಇವನನ್ನು ನೋಡಿದ, ಒಮ್ಮೆ ಬುಲೆಟ್ ನೋಡಿದ. "ಲೇ ಉಚ್ಚೆಂಗ, ಇದರ ಮ್ಯಾಲ ಹತ್ತಾಕ ನಿನಗ ನಿಚ್ಚಣಿಕಿ ಬೇಕಲೇ."

"ನಿಚ್ಚಣಿಕಿ ಹಿಂದ ಕಟಗೊಂಡು ಹೋಗೂಣ್ರಿ."

ಸಾವ್ಕಾರ ಹೊಟ್ಟೆ ಹಿಡಿದು ನಕ್ಕ. "ಆತು, ಹೊಸ ಭತ್ತ ಬರೋದ್ರಾಗ ಕಲಿ. ಒಂದ ಸಲ ನನ್ನ ಕುಂದ್ರಿಸಿಗೊಂಡು ಹೋಗಿ ಬಾ. ಕೆಡವಿದಿ ಅಂದ್ರ ಹೊಸಪೇಟಿಂದ ಉದ್ದನ್ನ ಡ್ರೈವರನ್ನ ಕರಸ್ತೀನಿ, ನೀ ಜರಡಿ ಹಿಡಿಬೇಕು ಮತ್ತ."

ಕಲಿಸಲು ಬಂದವನು ಟಿ.ಬಿ. ಡ್ಯಾಮಿನಲ್ಲಿ ಗಾಡಿ ರಿಪೇರಿ ಮಾಡುವ ಮೇಸ್ತ್ರಿ ಪಕ್ಕೀರಪ್ಪ. ಬುಕ್ಕಸಾಗರದ ಕಣದಲ್ಲಿ ಉಚ್ಚೆಂಗೆಪ್ಪನನ್ನು ಎತ್ತಿ ಸೀಟಿನ ಮೇಲೆ ಕೂರಿಸಿ, ಗೇರು, ಕ್ಲಚ್ಚು ಎಲ್ಲ ತೋರಿಸಿ, ಹಿಂದಿನಿಂದ ದೂಡಿ ಬಿಟ್ಟ. ಗಾಡಿ ಹೊರಟಿತು. ಎದುರಿಗೆ ಹುಲ್ಲಿನ ಬಣವೆ ಬಂತು. ಆಗ ಉಚ್ಚೆಂಗೆಪ್ಪನ ಕೈಗಳು ಅರ್ಧ ಆಯುಷ್ಯ ಮಾಡಿದ್ದನ್ನೇ ಮಾಡಿದವು. "ಹೋ... ಹೋ ನನ್ನಪ್ಪಾ, ಹೋ!" ಎನ್ನುತ್ತ ಹಗ್ಗ ಜಗ್ಗಿದ ಹಾಗೆ ಹ್ಯಾಂಡಲನ್ನು ಹಿಂದಕ್ಕೆ ಜಗ್ಗಿದ. ಜಗ್ಗಿದಷ್ಟೂ ಆಕ್ಸಿಲೇಟರು ತಿರುಗಿತು, ಬುಲೆಟ್ಟು ಗುಡುಗಿತು. ಬಣವೆಯೊಳಗೆ ಹೊಕ್ಕವನ ಚಪ್ಪಲಿ ಮಾತ್ರ ಹೊರಗೆ ಕಾಣುತ್ತಿತ್ತು.

ಪಕ್ಕೀರಪ್ಪ ಕಾಲು ಹಿಡಿದು ಎಳೆದ. "ಇದೇನ್ ಎತ್ತೇನಪಾ? ಜಗ್ಗಿದ್ರ ಓಡತೈತಿ ಇದು. ಕೈ ಸಡ್ಲ ಬಿಡಬೇಕು!"

"ಸಡ್ಲ ಬಿಟ್ರ ಎತ್ತು ಮನಿ ಕಡೆ ಓಡ್ತಾವಲ್ರಿ?"

"ಇದಕ ಮನಿ ಇಲ್ಲೋ ಮಾರಾಯ. ಬಿಟ್ರ ನಿಲ್ತೈತಿ."

ಆ ಮಾತು ಅವನ ತಲೆಯೊಳಗೆ ಗುಂಯ್‌ಗುಟ್ಟುತ್ತ ಉಳಿಯಿತು. ಉಣ್ಣುವಾಗ, ನಡೆಯುವಾಗ, ಸುಮ್ಮನೆ ಕೂತಾಗ ಬಲಗೈ ಮುಚ್ಚಿ ತೆರೆಯುತ್ತಿದ್ದ. ಕೊನೆಗೂ ಕೈ ಕಲಿಯಿತು. ಆದರೆ ಕಾಲು ಎಲ್ಲಿಂದ ಬೆಳೆಯಬೇಕು? ಓಡುವಷ್ಟು ಹೊತ್ತು ಅದು ಭಾರವೇ ಇಲ್ಲದ ಲೋಕ, ಮಂಜಿನೊಳಗೆ ಈಜಿದ ಹಾಗೆ. ನಿಲ್ಲಿಸಿದ ಕೂಡಲೇ ಎರಡೂ ಕಾಲಿನ ಬೆರಳ ತುದಿಗಳು ನೆಲ ಹುಡುಕುತ್ತ ಗಾಳಿಯಲ್ಲಿ ತಡಕಾಡುತ್ತಿದ್ದವು. ಗಾಡಿ ಮೆಲ್ಲಗೆ, ಬಹಳ ಮೆಲ್ಲಗೆ, ಗೊನೆ ಹೊತ್ತ ಬಾಳೆಗಿಡದ ಹಾಗೆ ವಾಲಿ ಮಲಗುತ್ತಿತ್ತು. ಬೀಳುವುದಕ್ಕೆ ಹೆದರಿ ಅವನು ಕಣದ ಸುತ್ತ ತಿರುಗುತ್ತಲೇ ಇರುತ್ತಿದ್ದ. ಅವನು ಓಡಿಸುವುದನ್ನು ನೋಡಲು ಯಾರೂ ಬರುತ್ತಿರಲಿಲ್ಲ, ನಿಲ್ಲಿಸುವುದನ್ನು ನೋಡಲು ಊರೇ ಬರುತ್ತಿತ್ತು.

ಒಂದು ದಿನ ಹೆಂಡತಿ ವಿರುಪಮ್ಮ ಅವನ ಮೊಣಕೈಗೆ ಅರಿಸಿನ ಒತ್ತುತ್ತ ಕೇಳಿದಳು. "ಅಲ್ರೀ, ಗಾಡಿ ಮೂಕಿ ಮ್ಯಾಲ ಕುಂತಾಗ ಎರಡೂ ಕಾಲು ನೆಲಕ್ಕ ಚಾಚ್ತಿದ್ರೇನು?"

"ಎರಡು ಯಾಕ ಚಾಚ್ಲಿ? ಒಂದ ಕುಂಡಿ ಮ್ಯಾಲ ಕುಂತು, ಒಂದ ಕಾಲು ಇಳಿಬಿಡ್ತಿದ್ನಿ."

"ಮತ್ತ ಇದರ ಮ್ಯಾಲ ಯಾಕ ಗುಡಿಯಾಗಿನ ದೇವ್ರಂಗ ನಟ್ಟ ನಡುವ ಕುಂದರ್ತೀರಿ?"

ಉಚ್ಚೆಂಗೆಪ್ಪ ಅರಿಸಿನ ಪೂರ್ತಿ ಹಚ್ಚಿಸಿಕೊಳ್ಳದೆ ಎದ್ದು ಹೋದ. ಆ ಕಾಲದ ಬುಲೆಟ್ಟಿಗೆ ಬ್ರೇಕು ಎಡಗಾಲಿಗೆ. ಎಡಗಾಲನ್ನು ಬ್ರೇಕಿನ ಮೇಲೆ ಬಿಟ್ಟು, ನಿಲ್ಲುವ ಹೊತ್ತಿಗೆ ಸರಿಯಾಗಿ ಸೀಟಿನಿಂದ ಬಲಕ್ಕೆ ಜಾರಿದ. ಬಲಗಾಲಿನ ಅಂಗಾಲು ಪೂರ್ತಿ ನೆಲಕ್ಕೆ ಹತ್ತಿತು. ಅಷ್ಟು ದೊಡ್ಡ ಗಾಡಿ ಸಾಕಿದ ಎತ್ತು ಮೈಗೊರಗಿದ ಹಾಗೆ ಅವನ ತೊಡೆಗೆ ಒರಗಿ ನಿಂತಿತು. ನೋಡಲು ಬಂದವರು ಕಾದು ಕಾದು ಬೇಸರವಾಗಿ ಮನೆಗೆ ಹೋದರು.

ಹೊಸ ಭತ್ತ ಇನ್ನೇನು ಬರಬೇಕು ಅನ್ನುವಾಗ ತೋಟಪ್ಪ ಧೋತರ ಎತ್ತಿ ಕಟ್ಟಿ, ದೊಡ್ಡ ಮೈಯನ್ನು ಹಿಂದಿನ ಸೀಟಿಗೆ ಏರಿಸಿದ. ಬೆಳಗಿನ ಮಂಜಿನಲ್ಲೇ ಕಂಪ್ಲಿ ಬಿಟ್ಟರು. ರಾಮಸಾಗರದ ಗದ್ದೆಗಳನ್ನು ನೋಡಿದ್ದಾಯಿತು, ಚಹಾ ಆಯಿತು. ಸಾವ್ಕಾರ ಬೆಳೆಯ ಮಾತನ್ನಷ್ಟೇ ಆಡಿದ, ಓಡಿಸಿದ್ದು ಚಲೋ ಅಂತಲೂ ಇಲ್ಲ, ಕೆಟ್ಟದ್ದು ಅಂತಲೂ ಇಲ್ಲ. ಮಂಜು ಇನ್ನೂ ಕರಗಿರಲಿಲ್ಲ, ಮರಳುವಾಗ ಕಾಲುವೆ ಏರಿಯ ದಾರಿ ಹಿಡಿದರು. ಇಂಜಿನ್ನು ಜೋಗುಳದ ಹಾಗೆ ದುಡುದುಡು ಅನ್ನುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಉಚ್ಚೆಂಗೆಪ್ಪನ ಹೆಗಲ ಮೇಲಿದ್ದ ಕೈ ಜಾರಿತು. ಬೆನ್ನಿನ ಮೇಲೆ ಬೆಚ್ಚಗೆ ಏನೋ ಭಾರ ಕೂತಿತು. ಸಾವ್ಕಾರನ ತಲೆ! ಮೆಲ್ಲಗೆ ಗೊರಕೆ ಕೇಳಿಸಿತು.

ಎಡಕ್ಕೆ ತುಂಬಿದ ಕಾಲುವೆ. ಸಾವ್ಕಾರ ಬೆಚ್ಚಿ ಎದ್ದು ಅಲುಗಿದನೋ, ಇಬ್ಬರೂ ನೀರಿಗೆ. ಉಚ್ಚೆಂಗೆಪ್ಪ ಉಸಿರನ್ನೂ ಸಣ್ಣಗೆ ಬಿಡುತ್ತ ಓಡಿಸಿದ. ಅಷ್ಟರಲ್ಲಿ ಮಂಜಿನೊಳಗಿಂದ ಯಾರೋ ಕೂಗಿದರು.

"ಆಗು ಅಣ್ಣಾ, ಆಗು!"

ಆಂಧ್ರದ ಕಡೆಯ ಬಾತುಕೋಳಿ ಕಾಯುವವನು, ತೆಲುಗಿನಲ್ಲಿ ನಿಲ್ಲು ನಿಲ್ಲು ಅನ್ನುತ್ತಿದ್ದ. ಕಾಲುವೆಯ ನೀರಿನಿಂದ ಬಾತುಗಳು ಸಾಲಾಗಿ ಏರಿ ಹತ್ತಿ, ದಾರಿ ತುಂಬ ಹರಡಿಕೊಂಡು, ಎಲ್ಲರಿಗಿಂತ ಮೊದಲೇ ಕೊಯ್ದಿದ್ದ ಒಂದು ಗದ್ದೆಗೆ ಇಳಿಯುತ್ತಿದ್ದವು. ಹೋ ಎಂಬ ಮಾತು ಉಚ್ಚೆಂಗೆಪ್ಪನ ಗಂಟಲಿಗೆ ಬಂದು ಅಲ್ಲೇ ನಿಂತಿತು. ಬಲಗೈ ತಾನೇ ಸಡಿಲಾಯಿತು. ಎಡಗಾಲು ಬೆಣ್ಣೆ ಮುಟ್ಟಿದ ಹಾಗೆ ಒತ್ತಿತು. ಬೆನ್ನು ಅಲುಗದ ಹಾಗೆ ಸೊಂಟವನ್ನಷ್ಟೇ ಪಕ್ಕಕ್ಕೆ ಜಾರಿಸಿ, ಅವನು ಬಲಗಾಲನ್ನು ಮಣ್ಣಿಗೆ ಊರಿದ.

ಬುಲೆಟ್ಟು ನಿಂತಿತು. ಗೊರಕೆ ನಿಲ್ಲಲಿಲ್ಲ.

ಬಾತುಗಳು ಬರುತ್ತಲೇ ಇದ್ದವು. ಗಾಡಿಯ ಭಾರ, ಸಾವ್ಕಾರನ ಭಾರ, ಎಲ್ಲ ಆ ಒಂದು ಕಾಲಿನ ಮೇಲೆ. ಬೆವರು ಕಣ್ಣಿಗಿಳಿದರೂ ಅವನು ಕೈ ಎತ್ತಲಿಲ್ಲ.

ತೋಟಪ್ಪ ಅರೆಗಣ್ಣು ತೆರೆದ. "ಯಾಕಲೇ, ನಿಂತೈತೇನು?"

"ಬಾತುಕೋಳಿ ದಾಟಾಕತ್ತಾವ್ರಿ."

"ಯಾವಾಗ ನಿಲ್ಲಿಸಿದಿ?"

"ಆಗಳೇ ರೀ."

ಸಾವ್ಕಾರ ಬಗ್ಗಿ, ಕೆಸರಿನಲ್ಲಿ ಗಟ್ಟಿಯಾಗಿ ಊರಿದ್ದ ಆ ಗಿಡ್ಡ ಕಾಲನ್ನು ನೋಡಿದ. ಆಮೇಲೆ ಬಾತುಗಳನ್ನು ನೋಡಿದ. "ನಾಳಿ ದೇವಸಮುದ್ರಕ್ಕ ಹೋಗೂದೈತಿ," ಎಂದು ಆಕಳಿಸಿದ. "ಜಲ್ದಿ ಬಾ."

ಮತ್ತೆ ತಲೆಯನ್ನು ಅವನ ಬೆನ್ನಿಗೆ ಒರಗಿಸಿ ಕಣ್ಣು ಮುಚ್ಚಿದ. ಕೊನೆಯ ಬಾತು ಗದ್ದೆಗಿಳಿದು ದಾರಿ ತೆರವಾದ ಮೇಲೂ ಉಚ್ಚೆಂಗೆಪ್ಪ ಇನ್ನೊಂದಿಷ್ಟು ಹೊತ್ತು ಅಲ್ಲೇ ನಿಂತಿದ್ದ.