ಅಕ್ಕನ ಆಧಾರ ಪ್ರತಿಜ್ಞೆ

ನಮ್ಮಕ್ಕ ಯಾರ ಮಾತನ್ನೂ ಅಳೆಯದೆ ನಂಬಿದವಳಲ್ಲ. ನಮ್ಮ ಹೊಲಿಗೆ ಅಂಗಡಿಗೆ ಬಂದವರು "ನನ್ನ ಭುಜದ ಅಳತೆ ನಂಗೊತ್ತು, ಬರ್ಕೊಳ್ಳಿ" ಎಂದರೆ, "ಗೊತ್ತಿದ್ರೆ ಒಳ್ಳೇದೇ. ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ" ಎಂದು ಟೇಪು ಹಿಡಿದೇ ಬಿಡುತ್ತಾಳೆ. ಬಟ್ಟೆ ಕತ್ತರಿಸುವುದು ಅವಳ ಪಾಲಿಗೆ. ಹೊಲಿಯುವುದು, ಗುಂಡಿ ಹಚ್ಚುವುದು, ಅವಳಿಂದ ಬೈಸಿಕೊಳ್ಳುವುದು ನನ್ನ ಪಾಲಿಗೆ. ಕೆಳಗೆ ಅಂಗಡಿ, ಮೇಲೆ ಮನೆ, ಇಬ್ಬರೇ ಅಕ್ಕತಂಗಿಯರು. ಜಗಳಕ್ಕೆ ಇಬ್ಬರು ಧಾರಾಳವಾಗಿ ಸಾಕು.

ಹೋದ ವರ್ಷ ಪಕ್ಕದ ಬೀದಿಯ ಹೊಲಿಗೆ ಶಾಲೆಯಲ್ಲಿ ಕಲಿಸುವ ಕೆಲಸವೊಂದು ಖಾಲಿಯಾಯಿತು. ಕಲಿಸಬೇಕೆನ್ನುವುದು ಅಕ್ಕನ ಹಳೆಯ ಆಸೆ. ಅಲ್ಲಿನ ಮೇಡಂ, "ನಿಮಗೋಸ್ಕರ ಪರೀಕ್ಷೆವರೆಗೂ ಕಾಯ್ತೀನಿ. ಹತ್ತನೇ ತರಗತಿ ಪಾಸಾಗಿದ್ರೆ ಸಾಕು, ಅಷ್ಟೇ" ಎಂದರು. ಅಷ್ಟೇ ಅಂತೆ! ಅಕ್ಕ ಹುಡುಗಿಯಾಗಿದ್ದಾಗ ಗಣಿತದಲ್ಲಿ ಡುಮ್ಕಿ ಹೊಡೆದು ಶಾಲೆ ಬಿಟ್ಟವಳು. ಉಳಿದ ವಿಷಯಗಳೆಲ್ಲ ಆಗಲೇ ಪಾಸಾಗಿದ್ದವು, ಇದೊಂದೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಎದುರು ಮನೆಯ ನಿವೃತ್ತ ಮೇಷ್ಟ್ರು ಸಂಜೆ ಸಂಜೆ ಅಂಗಡಿಗೇ ಬಂದು ಪಾಠ ಹೇಳತೊಡಗಿದರು. ಲೆಕ್ಕಗಳು ಸಲೀಸಾಗಿ ಸಾಗಿದವು. ರೇಖಾಗಣಿತದ ಮೊದಲ ಪುಟಕ್ಕೆ ಬಂದದ್ದೇ ತಡ, ಗಾಡಿ ನಿಂತಿತು.

"ಆಧಾರ ಪ್ರತಿಜ್ಞೆ ಒಂದು" ಎಂದು ಮೇಷ್ಟ್ರು ಓದಿದರು. "ಎರಡು ಬಿಂದುಗಳ ಮೂಲಕ ಒಂದೇ ಒಂದು ಸರಳರೇಖೆ ಎಳೆಯಬಹುದು."

"ಪ್ರತಿಜ್ಞೆ ಮಾಡಿದ್ದು ಯಾರು?" ಅಕ್ಕ ಕೇಳಿದಳು.

"ಯಾರೂ ಮಾಡಿಲ್ಲಮ್ಮ, ಅದು ಹೆಸರಷ್ಟೇ. ಸಾಧಿಸದೆ ಒಪ್ಕೊಳ್ಳೋ ಮಾತು."

"ಯಾರೂ ಮಾಡದ ಪ್ರತಿಜ್ಞೆ ಅದೆಂಥದ್ದು? ಸಾಧಿಸದೆ ನಾನ್ಯಾಕೆ ಒಪ್ಕೋಬೇಕು?"

ಮೇಜಿಗೆ ಹಾಸಿದ್ದ ಬಟ್ಟೆಯ ಮೇಲೆ ಎರಡು ಗುಂಡುಸೂಜಿ ಚುಚ್ಚಿ, ಅವುಗಳ ನಡುವೆ ದಾರ ಬಿಗಿದಳು. ಅದರ ಪಕ್ಕಕ್ಕೇ ಇನ್ನೊಂದು ಬಿಗಿದಳು. "ನೋಡಿ, ಎರಡು ಹಿಡೀತು. ನೀವು ಒಂದೇ ಒಂದು ಅಂದ್ರಿ."

"ಅಯ್ಯೋ, ದಾರಕ್ಕೆ ದಪ್ಪ ಇದೆ ಕಣಮ್ಮ. ರೇಖೆಗೆ ದಪ್ಪ ಇಲ್ಲ!"

"ದಪ್ಪ ಇಲ್ಲದ್ದನ್ನ ನೀವು ಕಣ್ಣಾರೆ ನೋಡಿದ್ದೀರಾ?"

ಮೇಷ್ಟ್ರ ಕಿವಿ ಕೆಂಪಾಯಿತು. ಒಳ್ಳೆಯ ಮನುಷ್ಯ, "ಇವತ್ತಿಗೆ ಸಾಕು" ಎಂದಷ್ಟೇ ಹೇಳಿ ಎದ್ದುಹೋದರು. ಮರುದಿನವೂ ಅದೇ ಪುಟ, ಅದರ ಮರುದಿನವೂ ಅದೇ ರಗಳೆ. "ಉರು ಹೊಡೆದು ಬರೆದು ಬಾ ಅಕ್ಕಾ" ಎಂದು ನಾನು ಗೋಗರೆದೆ. "ಬುಡವೇ ಗಟ್ಟಿ ಇಲ್ದೆ ಮೇಲೇನು ಕಟ್ಟಲಿ?" ಎಂದು ಅವಳು ಪಟ್ಟು ಹಿಡಿದಳು. ಪರೀಕ್ಷೆ ಹತ್ತಿರ ಬರುತ್ತಿತ್ತು. ಅವಳಿಗೆ ಆ ಕೆಲಸ ಸಿಗಲಿ ಎಂದು ನನಗೆ ಮನಸಾರೆ ಆಸೆಯಿತ್ತು. ಅವಳು ಹೋದರೆ ನಾನು ಕತ್ತರಿ ಹಿಡಿಯುವುದು ಹೇಗಪ್ಪಾ ಎಂಬ ಪುಕುಪುಕುವೂ ಇತ್ತು.

ಒಂದು ಸಂಜೆ ಅವರಿಬ್ಬರ ವಾದ ಮತ್ತೆ ಶುರುವಾದಾಗ ನಾನು ಬೂದು ಬಣ್ಣದ ಕೋಟೊಂದನ್ನು ಹೊಲಿಯುತ್ತಿದ್ದೆ. ಎರಡು ಕಡೆಯೂ ಒಂದೇ ತೆರನಾಗಿ ಕಾಣುವ ಸಾದಾ ಬಟ್ಟೆ. ಇಂಥ ಬಟ್ಟೆ ಬಂದರೆ ಅಕ್ಕ ಒಂದು ಕಡೆಯನ್ನು ಉಲ್ಟಾ, ಅಂದರೆ ಒಳಮೈ, ಎಂದು ತೀರ್ಮಾನಿಸಿ, ಪ್ರತಿ ತುಂಡಿನ ಮೇಲೂ ಅದೇ ಕಡೆಗೆ ಸೀಮೆಸುಣ್ಣದಿಂದ ಇಂಟು ಗುರುತು ಹಾಕುತ್ತಾಳೆ. ಆಮೇಲೆ ತಕರಾರೆತ್ತುವಂತಿಲ್ಲ. ನಡುವೆ ಮನಸ್ಸು ಬದಲಾಯಿಸಿದರೆ ಕೋಟಿಗೆ ಎರಡೂ ಎಡತೋಳೇ ಆಗಿ ಕೂರುತ್ತವೆ.

ನನಗೆ ರೇಗಿಹೋಯಿತು. ತೋಳಿನ ತುಂಡನ್ನು ಅವಳ ಮುಂದೆ ಎಸೆದೆ. "ಅಕ್ಕಾ, ಇದರಲ್ಲಿ ಉಲ್ಟಾ ಯಾವುದು?"

"ಗುರುತು ಹಾಕಿದ್ದೀನಲ್ಲ, ಕಣ್ಣು ಕಾಣಲ್ವಾ?"

"ಅದೇ ಉಲ್ಟಾ ಅಂತ ಯಾವ ಟೇಪು ಹಿಡಿದು ಅಳೆದೆ? ಸಾಧಿಸಿ ತೋರ್ಸು, ನೋಡೇಬಿಡೋಣ!"

"ಇದರಲ್ಲಿ ಸಾಧಿಸೋದೇನು ಬಂತೇ ಮಂಕೆ? ಎರಡೂ ಒಂದೇ ಥರ. ಇದು ಉಲ್ಟಾ ಅಂತ ಮೊದಲೇ ಒಪ್ಕೊಂಡು ಕತ್ತರಿಸ್ತೀವಿ. ಇಲ್ದಿದ್ರೆ ಮುಂದಿನ ಕೆಲಸವೇ..."

ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅಕ್ಕ ಗುಂಡುಸೂಜಿಗಳನ್ನು ನೋಡಿದಳು, ತೋಳನ್ನು ನೋಡಿದಳು.

"ಅಂದ್ರೆ ಪ್ರತಿಜ್ಞೆ ಮಾಡೋದು ನಾವೇ" ಎಂದಳು ಮೆಲ್ಲಗೆ. "ಶುರು ಮಾಡೋ ಮುಂಚೆ."

"ಹೌದಮ್ಮಾ, ಹೌದು! ಬೇರೆ ಮಾತು ಒಪ್ಕೊಂಡ್ರೆ ಬೇರೆ ಥರದ ರೇಖಾಗಣಿತ ಹುಟ್ಟುತ್ತೆ, ಅದೂ ಇದೆ. ಆದ್ರೆ ಒಪ್ಕೊಂಡ ಮೇಲೆ ನಡುವೆ ಮಾತು ತಪ್ಪೋ ಹಾಗಿಲ್ಲ."

"ತಪ್ಪಿದ್ರೆ ತ್ರಿಕೋನಕ್ಕೆ ಎರಡೂ ಎಡತೋಳು!" ಎಂದು ಅಕ್ಕ ಬಿದ್ದುಬಿದ್ದು ನಕ್ಕಳು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಉಳಿದ ಪ್ರತಿಜ್ಞೆಗಳನ್ನೆಲ್ಲ ಅವಳು ಆ ಸಂಜೆಯೇ ಮುಗಿಸಿದಳು.

ಅಕ್ಕ ಪಾಸಾದಳು. ಮೇಡಂ ಮಾತಿಗೆ ತಪ್ಪಲಿಲ್ಲ, ಕೆಲಸವೂ ಸಿಕ್ಕಿತು. ಅವಳು ಶಾಲೆಗೆ ಹೋದ ಮೊದಲ ದಿನ ನಾನು ಒಬ್ಬಳೇ ಕೂತು, ಎದೆ ಗಟ್ಟಿ ಮಾಡಿಕೊಂಡು, ಮೇಷ್ಟ್ರು ಹೊಲಿಯಲು ಕೊಟ್ಟಿದ್ದ ಕೋಟಿನ ಬಟ್ಟೆಗೆ ಗುರುತು ಹಾಕಿ ಕತ್ತರಿಸಿದೆ. ಸಂಜೆ ಅಕ್ಕ ಬಂದವಳೇ ತುಂಡುಗಳನ್ನು ಕೈಗೆತ್ತಿಕೊಂಡಳು. ಇನ್ನೊಂದು ಕೈ ಕೊರಳಲ್ಲಿದ್ದ ಟೇಪಿಗೆ ಹೋಯಿತು.

"ಗುರುತು ನೀನೇ ಹಾಕಿದ್ಯಾ?"

"ಹೂಂ."

ಅವಳು ಟೇಪು ತೆಗೆದು ಮೊಳೆಗೆ ನೇತುಹಾಕಿದಳು. "ಸರಿ, ಬಾ. ತೋಳು ಕೂರಿಸೋಣ."

"ಅಳೆದು ನೋಡಲ್ವಾ?"

"ಒಪ್ಕೊಂಡಿದ್ದೀನಿ ಬಿಡೇ."

ನನ್ನ ಕಣ್ಣು ತುಂಬಿ ಬಂತು, ಸೂಜಿಯ ಕಣ್ಣೇ ಕಾಣಲಿಲ್ಲ. "ಅಕ್ಕಾ, ದಾರ ನೀನೇ ಪೋಣಿಸು" ಎಂದೆ.